ಕಾರಿಗೆ ಬಾವಿ ಪಂಪಿನ ನಿಪ್ಪಲ್

ಅರವತ್ತರ ದಶಕದ ಆರಂಭದಲ್ಲಿ ನಾನು ವಿಜಾಪುರದ ಹೈಸ್ಕೂಲೊಂದರಲ್ಲಿ ಗಣಿತದ ಮಾಸ್ತರನಾಗಿದ್ದೆ. ಇಂಚು ಹೋಗಿ ಮಿಲಿಮೀಟರು ಬರುತ್ತಿದ್ದ ಕಾಲ. ಒಂದನ್ನು ಇನ್ನೊಂದಕ್ಕೆ ತಿರುಗಿಸುವ ಲೆಕ್ಕವನ್ನು ಹುಡುಗರಿಗೆ ಬೆತ್ತ ಹಿಡಿದು ಕಲಿಸುತ್ತಿದ್ದೆ. ಅದೇ ಹೊತ್ತಿಗೆ ಮುದಿ ವಕೀಲರೊಬ್ಬರಿಂದ ಇಟಲಿಯ ಹಳೆಯ ಕಾರನ್ನು ಕೊಂಡೆ. ಸಿದ್ಧೇಶ್ವರ ಗುಡಿಯ ಓಣಿಯಲ್ಲಿ ಅದು ನಿಂತಿರುವಷ್ಟು ಹೊತ್ತು ನನ್ನ ಎದೆ ಉಬ್ಬಿರುತ್ತಿತ್ತು. ಓಡುವಾಗ ಮಾತ್ರ ಜೀವ ಅಂಗೈಯಲ್ಲಿರುತ್ತಿತ್ತು.

ತಂಗಿಯನ್ನು ಬಬಲೇಶ್ವರಕ್ಕೆ ಕೊಟ್ಟಿದ್ದೆವು. ಚೊಚ್ಚಲ ಬಸುರಿ. ಅವಳ ಸೀಮಂತದ, ಅಂದರೆ ನಮ್ಮ ಕಡೆಯ ಕುಬಸದ ದಿನ ಪಂಕ್ತಿಯಲ್ಲಿ ಕುಳಿತು, ಬಾಯಲ್ಲಿ ಹೋಳಿಗೆ ಇರುವಾಗಲೇ ಸಾರಿಬಿಟ್ಟೆ: "ತಂಗೀನ್ನ ತವರಿಗೆ ಬಸ್ಸಿನ್ಯಾಗ ಒಯ್ಯೂದಿಲ್ಲರಿ. ನನ್ನ ಕಾರಿನ್ಯಾಗ ಒಯ್ತೇನಿ."

"ಯಾತರಾಗರೆ ಒಯ್ರಿ," ಎಂದರು ಅವಳ ಅತ್ತೆ. "ಅಮಾಸಿ ದಾಟಿದ್ರ ಎಂಟನೇ ತಿಂಗಳ ಹತ್ತತೈತಿ. ಆಮ್ಯಾಲ ಕಳಸೂದಿಲ್ಲ, ಬಾಣಂತನ ಇಲ್ಲೇ."

ಆ ಮನೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಆದರೆ ತಂಗಿ ಹೆರಿಗೆಗೆ ಹೆದರಿದ್ದಳು. ಅವಳಿಗೆ ಅವ್ವನೇ ಬೇಕಾಗಿತ್ತು.

ಅಮಾವಾಸ್ಯೆ ಹತ್ತಿರ ಬಂದಾಗ ಕಾರು ಕೈಕೊಟ್ಟಿತು. ಎಂಜಿನ್ನಿನ ಎಣ್ಣೆಯ ಒತ್ತಡ ತೋರಿಸುವ ಮೀಟರಿಗೆ ಹೋಗುವ ಸಣ್ಣ ಕೊಳವೆ ಇದೆಯಲ್ಲ, ಅದನ್ನು ಎಂಜಿನ್ನಿಗೆ ಕೂಡಿಸುವ ಹಿತ್ತಾಳೆಯ ತುಂಡು ಮುರಿದಿತ್ತು. ಗಾಂಧಿ ಚೌಕದ ಅಂಗಡಿಗಳನ್ನೆಲ್ಲ ಜಾಲಾಡಿದರೂ ಸಿಗಲಿಲ್ಲ. ಮುಂಬಯಿಯಿಂದ ತರಿಸಬೇಕು ಎಂದರು. ತಂಗಿ ಬಸ್ಸು ಹತ್ತಬಾರದೆಂದು ನಾನೇ ಬಸ್ಸು ಹತ್ತಿ, ಮುರುಕು ತುಂಡನ್ನು ಕಿಸೆಯಲ್ಲಿಟ್ಟುಕೊಂಡು, ಬಾವಿಗಳಿಗೆ ಪಂಪು ಕೂಡಿಸುವ ತಿಕೋಟಾದ ಮಿಸ್ತ್ರಿಯ ಬಳಿ ಹೋದೆ.

ಅವನ ಪೆಟ್ಟಿಗೆಯಲ್ಲಿದ್ದ ನಿಪ್ಪಲ್, ಅಂದರೆ ಪಂಪಿನ ಪೈಪು ಕೂಡಿಸುವ ತುಂಡು, ಥೇಟ್ ನನ್ನದರ ಹಾಗೆಯೇ ಕಂಡಿತು. ತಿರುಪಿನ ಎಳೆ ಮಾತ್ರ ಬೇರೆ: ಕಾರಿನದು ಮಿಲಿಮೀಟರಿನ ಥ್ರೆಡ್ಡು, ಇದು ಇಂಚಿನ ಪೈಪ್ ಥ್ರೆಡ್ಡು. ವ್ಯತ್ಯಾಸ ಕೂದಲೆಳೆಯಷ್ಟು.

"ಸುತಳಿ ಸುತ್ತಿ ಸಫೇದಾ ಹಚ್ಚರಿ," ಎಂದ ಮಿಸ್ತ್ರಿ. "ಒಂದು ಹನಿ ಸೋರೂದಿಲ್ಲ."

ನಮ್ಮ ಕಡೆ ಪೈಪಿಗೆ ಪೈಪು ಕೂಡಿಸುವ ರೀತಿಯೇ ಅದು. ನಾರು ಸುತ್ತಿ, ಸಫೇದಾ ಎಂಬ ಬಿಳಿಯ ಬಣ್ಣದ ಮುದ್ದೆ ಮೆತ್ತಿ, ಕೈ ಒರೆಸಿಕೊಂಡರೆ ಮುಗಿಯಿತು. ಬಾವಿಯ ನೀರು ತಣ್ಣಗಿರುತ್ತದೆ, ಎಂಜಿನ್ನಿನ ಎಣ್ಣೆ ಸುಡುತ್ತದೆ ಎಂಬುದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಮನೆಗೆ ಬಂದು ತಿರುವಿದೆ. ನಿಪ್ಪಲ್ ಒಂದೂವರೆ ಸುತ್ತು ಹೊಕ್ಕು ಸಿಕ್ಕಿಕೊಂಡಿತು. ಬಿಗಿಯಾಯಿತು ಎಂದು ಗಣಿತದ ಮಾಸ್ತರ ಹಿಗ್ಗಿದ.

ಅಮಾವಾಸ್ಯೆಯ ಮುನ್ನಾದಿನ ಬೆಳಿಗ್ಗೆ ಬಬಲೇಶ್ವರದ ಓಣಿಯಲ್ಲೆಲ್ಲ ಹಾರ್ನು ಬಾರಿಸುತ್ತ ಹೋದೆ. ಉಡಿ ತುಂಬಿ ತಂಗಿಯನ್ನು ಕಳಿಸಿಕೊಟ್ಟರು. ಸಾರವಾಡ ದಾಟುತ್ತಿದ್ದಂತೆ ನಿಪ್ಪಲ್ ಕಿತ್ತು ಹಾರಿತು. ಎಣ್ಣೆಯೆಲ್ಲ ರಸ್ತೆಗೆ ಚೆಲ್ಲಿ, ಹೊಗೆ ಎದ್ದು, ಕಾರು ನಿಂತಿತು. ಆ ಹೊತ್ತಿನ ಬಸ್ಸು ಆಗಲೇ ಹೋಗಿತ್ತು. ಉಡಿ ತುಂಬಿಸಿಕೊಂಡು ಹೊಸ್ತಿಲು ದಾಟಿದ ಬಸುರಿ ಹಿಂದಕ್ಕೆ ಹೋಗುವಂತೆಯೂ ಇರಲಿಲ್ಲ.

ತಂಗಿ ಜಾಲಿಯ ನೆರಳಿನಲ್ಲಿ ಕುಳಿತು ಅಳತೊಡಗಿದಳು. "ಅಣ್ಣಾ, ನಾ ಅವ್ವನ ಮನಿ ಮುಟ್ಟತೇನೋ ಇಲ್ಲೋ?"

ನನಗೂ ಅಳು ಬಂದಿತ್ತು. ಅದನ್ನು ಮುಚ್ಚಿಕೊಳ್ಳಲು ಅವಳ ಸೀರೆಯ ಅಂಚಿನಿಂದ ನೂಲು ಎಳೆದು ಮತ್ತೆ ನಿಪ್ಪಲ್ಲಿಗೆ ಸುತ್ತತೊಡಗಿದೆ. ಎಣ್ಣೆಯೇ ಇಲ್ಲದ ಎಂಜಿನ್ನು ಸೋರದಂತೆ ಬಂದೋಬಸ್ತು ಮಾಡುತ್ತಿದ್ದೇನೆಂದು ತಿಳಿಯಲು ಸಾಕಷ್ಟು ಹೊತ್ತು ಹಿಡಿಯಿತು.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಹಿಂದಿನಿಂದ ಒಂದು ಚಕ್ಕಡಿ ಬಂತು. ಹೊಡೆಯುತ್ತಿದ್ದವರು ತಂಗಿಯ ಮಾವ.

"ನಿಮಗ ಹ್ಯಾಂಗ ಗೊತ್ತಾತ್ರಿ ಮಾವಾರ?" ಎಂದೆ.

"ನಮ್ಮ ಮನಿ ಮುಂದ ನೀವು ಗಾಡಿ ನಿಲ್ಲಿಸಿದ ಜಾಗಾದಾಗ ಎಣ್ಣಿ ಬಿದ್ದಿತ್ತರಿ. ನಾ ಎತ್ತ ಹೂಡಿದೆ." ಆಮೇಲೆ ಸೊಸೆಯ ಕಡೆಗೆ ತಿರುಗಿದರು. "ಹತ್ತವಾ. ಹುಲ್ಲಿನ ಮ್ಯಾಲ ಕೌದಿ ನಿಮ್ಮತ್ತೀನ ಹಾಸ್ಯಾಳ. ಲಗೂ ಹೋಗ್ರಿ, ಹುಡುಗಿ ಅವ್ವನ ಮನಿ ಮುಟ್ಟಲಿ ಅಂದಳು."

ನಾನು ಕಾರಿನ ಮೂತಿಗೆ ಹಗ್ಗ ಕಟ್ಟಲು ಹೋದೆ.

"ಅದು ಇಲ್ಲೇ ಇರಲಿ ಬಿಡ್ರಿ ಮಾಸ್ತರ್ರ," ಎಂದರು. "ಅದಕ್ಕೇನು ಅಮಾಸಿ ಒಳಗ ಮನಿ ಮುಟ್ಟಬೇಕಾಗಿಲ್ಲ."

ದೀಪ ಹಚ್ಚುವ ಮುಂಚೆ ಮನೆ ಮುಟ್ಟಿದೆವು. ತಂಗಿ ಅವ್ವನ ಹೆಗಲಿಗೆ ಮುಖವಿಟ್ಟು ಇನ್ನೊಮ್ಮೆ ಅತ್ತಳು. ಮಾವ ಎತ್ತುಗಳಿಗೆ ನೀರು ಕುಡಿಸಿ, ತಾವು ಚಹಾ ಕುಡಿದು, ಹೊರಡುವಾಗ ನನ್ನನ್ನು ಬದಿಗೆ ಕರೆದರು.

"ಬಾಣಂತೀನ್ನ, ಕೂಸಿನ್ನ ಒಯ್ಯಾಕ ನಾನ ಬರ್ತೇನ್ರಿ. ನೀವು ತ್ರಾಸ ತಗೋಬ್ಯಾಡ್ರಿ."

ಅಷ್ಟು ಮರ್ಯಾದೆಯಿಂದ ಅಲ್ಲಿಯವರೆಗೆ ನನ್ನನ್ನು ಯಾರೂ ಬೈದಿರಲಿಲ್ಲ. ಆಗಲಿ ಎಂದು ಕೈ ಮುಗಿದೆ.