ಸ್ಕೂಟರ್ ಇರಲಿ, ಸರ್

ತಂಬಿಟ್ಟಿಗೆಂದು ಬೆಳಿಗ್ಗೆ ಅಕ್ಕಿ ಹುರಿಯುತ್ತಿದ್ದೆ. ಘಮ ಪಡಸಾಲೆಯನ್ನು ಮುಟ್ಟಿತೋ ಇಲ್ಲವೋ, ಪೇಪರ್ ಓದುತ್ತಿದ್ದ ನಮ್ಮ ಮನೆಯವರು ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಕ್ಯಾಮೆರಾಕ್ಕೇನು ಎಂದು ಕೇಳಿದರು. ಅಲ್ಲ, ಈ ಸಲ ಮನುಷ್ಯರಿಗೆ ಎಂದೆ. ಮುಖ ಸಣ್ಣ ಮಾಡಿಕೊಂಡು ವಾಪಸು ಹೋದರು.

ಹುರಿದ ಅಕ್ಕಿಗೂ ಕ್ಯಾಮೆರಾಕ್ಕೂ ಏನು ನಂಟು ಎಂದು ನಿಮಗೆ ಅನ್ನಿಸಬಹುದು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದಂತೆ. ಅದಕ್ಕೆ ಅಕ್ಕಿಯನ್ನು ಹದವಾಗಿ ಹುರಿದು, ಆರಿಸಿ, ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಕ್ಯಾಮೆರಾದ ಪಕ್ಕ ಡಬ್ಬಿಯಲ್ಲಿಡಬೇಕಂತೆ. ಹೀಗೆಂದು ಇವರಿಗೆ ಹೇಳಿಕೊಟ್ಟವರು ಇವರು ಕಂಡೇ ಇರದ ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರು, ಕೊಯಮತ್ತೂರಿನಲ್ಲಿ ಕೂತು. ಅಲ್ಲಿಂದ ಮುಂದೆ ಎಷ್ಟೋ ಮಳೆಗಾಲ ನಾನು ಕ್ಯಾಮೆರಾಕ್ಕೆ ವಾರವಾರವೂ ಅಕ್ಕಿ ಹುರಿದೆ. ಅಕ್ಕಿ ಸ್ವಲ್ಪ ಕಂದಿದರೆ ನಡೆಯುತ್ತಿರಲಿಲ್ಲ. ಬಾಣಂತನದಲ್ಲಿ ನನಗೂ ಅಷ್ಟು ಉಪಚಾರ ಸಿಕ್ಕಿರಲಿಲ್ಲ.

ನಮ್ಮದು ಹಳಿಯಾಳದ ಪೇಟೆಯಲ್ಲಿ ಬಟ್ಟೆ ಅಂಗಡಿ. ಇಡೀ ದಿನ ಖಣ, ಲುಂಗಿ, ಶಾಲೆಯ ಸಮವಸ್ತ್ರದ ಬಟ್ಟೆ ಅಳೆದು ಕೊಡುವ ಮನುಷ್ಯನಿಗೆ ಫೋಟೋದ ಹುಚ್ಚು ಹೇಗೆ ಹತ್ತಿತು ಎಂಬುದನ್ನು ಆಮೇಲೆ ಹೇಳುತ್ತೇನೆ. ಇಂಟರ್ನೆಟ್ ಮನೆಮನೆಗೆ ಬಂದಿರದ ಕಾಲ. ಬಸ್‌ಸ್ಟ್ಯಾಂಡಿನ ಎದುರು ಹೊಸದಾಗಿ ಒಂದು ಸೈಬರ್ ಕೆಫೆ ಆಗಿತ್ತು. ಪ್ಲೈವುಡ್ಡಿನ ಗೂಡುಗಳು, ಒಂದೊಂದಕ್ಕೂ ಒಂದೊಂದು ಪರದೆ. ಭಾನುವಾರ ಸಂಜೆ ಇವರು ಇಸ್ತ್ರಿ ಅಂಗಿ ಹಾಕಿಕೊಂಡು ಅಲ್ಲಿಗೆ ಹೊರಡುತ್ತಿದ್ದರು. ಗೂಡಿನಲ್ಲಿ ಕೂತು ಏನು ಮಾಡುತ್ತಾರೆಂದು ನೋಡಲೆಂದೇ ನಾನು ಒಂದು ದಿನ ಜೊತೆಗೆ ಹೋದೆ. ನೋಡಿದರೆ, ಕಬ್ಬಿನ ಗಾಡಿಯ ಫೋಟೋ ಒಂದನ್ನು ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿನಲ್ಲಿ ಹಾಕಿ, ಯಾರಾದರೂ ಚೆನ್ನಾಗಿದೆ ಎನ್ನುತ್ತಾರೋ ಎಂದು ಕಣ್ಣು ಪಿಳುಕಿಸದೆ ಕಾಯುತ್ತಿದ್ದಾರೆ. ಮದುವೆಗೆ ಮುಂಚೆ ನನ್ನನ್ನು ನೋಡಲು ಬಂದಾಗಲೂ ಇಷ್ಟು ಕಾತರ ಆ ಮುಖದಲ್ಲಿ ಇದ್ದ ನೆನಪಿಲ್ಲ.

ಅದು ಇಂಟರ್ನೆಟ್ಟಿನಲ್ಲಿ ಫೋಟೋ ಹವ್ಯಾಸಿಗಳದೊಂದು ಗುಂಪು. ಯಾರ ಮುಖವನ್ನೂ ಯಾರೂ ಕಂಡವರಲ್ಲ. ಒಬ್ಬರು ಚಿತ್ರ ಹಾಕುವುದು, ಉಳಿದವರು ತಿದ್ದುವುದು, ಬೆನ್ನು ತಟ್ಟುವುದು. ಎಲ್ಲರೂ ಎಲ್ಲರಿಗೂ ಸರ್. ಯಾರ ಎಂಥ ಚಿತ್ರಕ್ಕೂ ಆ ಕೊಯಮತ್ತೂರಿನ ಪೋಸ್ಟ್‌ಮಾಸ್ಟರು ಕೊನೆಗೆ ತೆಗೆಯುತ್ತಲೇ ಇರಿ ಎಂದು ಬರೆದು ಮುಗಿಸುತ್ತಿದ್ದರು.

ಒಂದು ಭಾನುವಾರ ಆ ಗುಂಪಿಗೆ ಮುಂಡಗೋಡದಿಂದ ಹೊಸ ಸರ್ ಒಬ್ಬರು ಸೇರಿದರು. ಮೊದಲ ಚಿತ್ರವೇ ಒಂದು ಹಸು. ಹಿಂದೆ ಗೊಬ್ಬರ-ಬೀಜದ ಅಂಗಡಿಯ ಹಸಿರು ಬಾಗಿಲು. ಆ ಬಾಗಿಲನ್ನು ನಾನು ಗುರುತಿಸಿದೆ, ಇವರೂ ಗುರುತಿಸಿದರು. ಅದು ನನ್ನ ಅಣ್ಣನ ಅಂಗಡಿ. ಅಣ್ಣನೂ ಇವರೂ ಮಾತು ಬಿಟ್ಟು ಆಗಲೇ ಐದಾರು ವರ್ಷವಾಗಿತ್ತು.

ನಮ್ಮ ಕಡೆ ಮಾತು ಬಿಡುವುದೆಂದರೆ ನಿಮಗೆ ಗೊತ್ತಿದ್ದದ್ದೇ. ಅದರಲ್ಲಿ ಕೂಗಾಟವಿಲ್ಲ, ಹೊಡೆದಾಟವಿಲ್ಲ. ಎದುರಿಗೆ ಸಿಕ್ಕರೆ ಗೋಡೆ ಸಿಕ್ಕಂತೆ ಪಕ್ಕಕ್ಕೆ ಸರಿದು ಹೋಗುವುದು, ಅಷ್ಟೇ. ಕಾರಣವೂ ಫೋಟೋವೇ. ಅಣ್ಣನ ಮದುವೆಗೆ ಸ್ಟುಡಿಯೋದವನನ್ನು ಕರೆಯುವುದು ದಂಡ, ಮನೆಯಲ್ಲೇ ಕ್ಯಾಮೆರಾ ಇದೆ ಎಂದು ಇಬ್ಬರೂ ಸೇರಿಯೇ ತೀರ್ಮಾನಿಸಿದ್ದರು. ಯಾರ ಮೇಲೂ ನಂಬಿಕೆಯಿಲ್ಲದ ಮದುಮಗ ಬಾಸಿಂಗ ಕಟ್ಟಿಕೊಂಡೇ ರೋಲು ಹಾಕಿ ಕೊಟ್ಟ. ಇವರು ಇಡೀ ದಿನ ಬೆವರು ಸುರಿಸುತ್ತ, ಹಿರಿಯರನ್ನೆಲ್ಲ ಹಿಂದೆ ಸರಿಸುತ್ತ ತೆಗೆದರು. ತೊಳೆಸಲು ಕೊಟ್ಟಾಗ ತಿಳಿಯಿತು, ರೋಲಿನ ತುದಿ ಕ್ಯಾಮೆರಾದೊಳಗಿನ ಚಕ್ರದ ಹಲ್ಲಿಗೆ ಸಿಕ್ಕಿರಲೇ ಇಲ್ಲ. ರೋಲು ಇದ್ದಲ್ಲೇ ಇತ್ತು. ಒಂದು ಚಿತ್ರವೂ ಬಂದಿರಲಿಲ್ಲ. ಹಾಕಿದವನದು ತಪ್ಪು ಎಂದು ಇವರು, ತಿರುಗುತ್ತಿಲ್ಲ ಎಂಬುದು ತೆಗೆಯುವವನಿಗೆ ತಿಳಿಯಬಾರದೇ ಎಂದು ಅಣ್ಣ. ಅಲ್ಲಿಗೆ ಮಾತು ಮುಗಿಯಿತು. ತಾನು ತೆಗೆಯಬಲ್ಲೆ ಎಂದು ಇನ್ನೊಬ್ಬನಿಗೆ ತೋರಿಸಲೆಂದೇ ಇಬ್ಬರಿಗೂ ಫೋಟೋದ ಹುಚ್ಚು ಹತ್ತಿದ್ದು.

ಹಸುವಿನ ಚಿತ್ರದ ಮುಂದೆ ಇವರು ಬಹಳ ಹೊತ್ತು ಕೂತರು. ಆಮೇಲೆ ಇಂಗ್ಲಿಷಿನಲ್ಲಿ ಬರೆದರು: ಚೆನ್ನಾಗಿದೆ ಸರ್, ಹಸುವಿನ ಕಾಲು ಕತ್ತರಿಸಿ ಹೋಗಿದೆ, ಮುಂದಿನ ಸಲ ಒಂದು ಹೆಜ್ಜೆ ಹಿಂದೆ ನಿಲ್ಲಿ. ಮುಂದಿನ ವಾರ ಮುಂಡಗೋಡದಿಂದ ಉತ್ತರ: ಧನ್ಯವಾದ ಸರ್, ನಿಮ್ಮ ಕಬ್ಬಿನ ಗಾಡಿಯೂ ಚೆನ್ನಾಗಿದೆ, ಆದರೆ ಭೂಮಿ ಸ್ವಲ್ಪ ಓರೆಯಾಗಿದೆ.

ಕನ್ನಡದಲ್ಲಾಗಿದ್ದರೆ ಅದೇ ಮಾತಿಗೆ ಇನ್ನೊಂದು ಐದು ವರ್ಷ ಮಾತು ಬಿಡುತ್ತಿದ್ದರು. ಪುಣ್ಯಕ್ಕೆ, ಇಂಗ್ಲಿಷಿನಲ್ಲಿ ಜಗಳವಾಡುವಷ್ಟು ಇಂಗ್ಲಿಷ್ ಇಬ್ಬರಿಗೂ ಬರುತ್ತಿರಲಿಲ್ಲ. ಬರುತ್ತಿದ್ದುದೆಲ್ಲ ಹೊಗಳಿಕೆಯದು, ವಂದನೆಯದು. ಹೀಗಾಗಿ ವಾರವಾರವೂ ಸರ್ ಸರ್ ಎಂದು ಒಬ್ಬರನ್ನೊಬ್ಬರು ಮುದ್ದಿಸಿದರು. ನಾನು ಮುಂಡಗೋಡಕ್ಕೆ ಹೊರಟರೆ ಮಾತ್ರ ಇವರು ಬಸ್ಸಿಗೆ ಹತ್ತಿಸಿ, ಕಿಟಕಿಯಲ್ಲಿ ಚೀಲ ಕೊಟ್ಟು, ಅಣ್ಣನ ಹೆಸರೆತ್ತದೆ ಹಿಂದಿರುಗುತ್ತಿದ್ದರು. ಅಲ್ಲಿ ಇಳಿಸಿಕೊಳ್ಳಲು ಬಂದ ಅಣ್ಣನೂ ಇವರು ಹೇಗಿದ್ದಾರೆಂದು ಕೇಳುತ್ತಿರಲಿಲ್ಲ. ಯಾಕೆ ಕೇಳಬೇಕು? ಹಳಿಯಾಳದ ಸರ್ ಯಾರೆಂದು ಅವನಿಗೂ ತಿಳಿದಿತ್ತು. ಇವರು ಹಿಂದಿನ ಭಾನುವಾರ ಏನು ಮಾಡಿದರೆಂಬುದು ನನಗಿಂತ ಅವನಿಗೇ ಚೆನ್ನಾಗಿ ಗೊತ್ತಿತ್ತು.

ಒಂದು ಸಲ ನೀಲಿ ಸ್ಕೂಟರಿನಲ್ಲಿ ನಾವಿಬ್ಬರೂ ಸೂಪಾ ಅಣೆಕಟ್ಟಿಗೆ ಹೋದೆವು. ದಾಂಡೇಲಿಯಲ್ಲಿ ಚಹಾ ಕುಡಿದು, ಕಾಡಿನ ರಸ್ತೆಯಲ್ಲಿ ನಡುನಡುವೆ ನಿಲ್ಲಿಸುತ್ತ ಹೋಗಿ ಹಿನ್ನೀರಿನ ದಂಡೆಗೆ ಮುಟ್ಟಿದರೆ, ಅಲ್ಲಿ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿಕೊಂಡು ನಮ್ಮಣ್ಣ. ಇವರು ತಮ್ಮ ಸ್ಟ್ಯಾಂಡನ್ನು ಅವನಿಗೆ ಬೆನ್ನು ಮಾಡಿ ನಿಲ್ಲಿಸಿದರು. ಅವನೂ ತನ್ನದನ್ನು ಒಂದಿಷ್ಟು ತಿರುಗಿಸಿದ. ಅಷ್ಟು ದೊಡ್ಡ ನೀರಿನ ಮುಂದೆ ಇಬ್ಬರು ಗಂಡಸರು ಹಾಗೆ ನಿಂತಿದ್ದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ಕಟ್ಟಿಕೊಂಡು ಹೋಗಿದ್ದ ರೊಟ್ಟಿಯನ್ನು ಅರ್ಧ ಇಲ್ಲಿ ಕೊಟ್ಟು, ಅರ್ಧ ಅಲ್ಲಿ ಕೊಟ್ಟು, ಉಪ್ಪಿನಕಾಯಿಯ ಡಬ್ಬಿ ಹಿಡಿದು ನಡುವೆ ಓಡಾಡಿದೆ. ಯಾರು ಕಳಿಸಿದ್ದೆಂದು ಯಾರೂ ಕೇಳಲಿಲ್ಲ. ರೊಟ್ಟಿ ಮಾತ್ರ ಎರಡೂ ಕಡೆ ಖಾಲಿಯಾಯಿತು.

ಮುಂದಿನ ವಾರ ಅಣ್ಣನ ಚಿತ್ರ ಬಂತು. ನೀರು, ಗುಡ್ಡ, ನೀರಿನಲ್ಲಿ ನಿಂತ ಒಣಮರ. ಎಡ ಮೂಲೆಯಲ್ಲಿ ಸಣ್ಣಗೆ ನಮ್ಮ ನೀಲಿ ಸ್ಕೂಟರ್. ಪೋಸ್ಟ್‌ಮಾಸ್ಟರು ಎಂದಿನಂತೆ ಹೊಗಳಿ, ಮೂಲೆಯ ಸ್ಕೂಟರ್ ಕಣ್ಣಿಗೆ ಅಡ್ಡ ಬರುತ್ತದೆ, ಅಷ್ಟನ್ನು ಕತ್ತರಿಸಿಬಿಡಿ ಎಂದು ಸಲಹೆ ಕೊಟ್ಟರು. ಅಣ್ಣ ಎಲ್ಲ ಸಲಹೆಗೂ ತಲೆಬಾಗುವವನು. ಆ ದಿನ ಮಾತ್ರ ಬರೆದ: ಸ್ಕೂಟರ್ ಇರಲಿ, ಸರ್.

ಇವರು ಅದನ್ನು ಓದಿ, ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. ಕೆಫೆಯಲ್ಲಿ ಧೂಳು ಬಹಳ ಎಂದರು.

ಇಷ್ಟೆಲ್ಲ ತಮಾಷೆಯೇ. ಆದರೆ ನನಗೊಂದು ಚಿಂತೆ ಬೆಳೆಯುತ್ತಿತ್ತು, ನಮ್ಮ ಪುಟ್ಟ ಮಗನ ಕೂದಲಿನ ಜೊತೆಗೇ. ಗಂಡುಮಗುವಿನ ಜವಳ, ಅಂದರೆ ಮೊದಲ ಕೂದಲು ತೆಗೆಯುವುದು, ನಮ್ಮಲ್ಲಿ ಸೋದರಮಾವನ ತೊಡೆಯ ಮೇಲೆಯೇ ಆಗಬೇಕು. ಮೊದಲ ಎಳೆ ಅವನೇ ಕತ್ತರಿಸಬೇಕು. ಅಲ್ಲಿಯತನಕ ಕತ್ತರಿ ಸೋಕುವಂತಿಲ್ಲ. ಅದಕ್ಕೆ ಬೆಸ ವರ್ಷವೇ ಆಗಬೇಕು; ಒಂದನೇ ವರ್ಷ ಹಾಗೇ ದಾಟಿತು. ಮೂರನೆಯದೂ ಮುಗಿಯುತ್ತ ಬಂತು. ಮಗನಿಗೆ ಎರಡು ಜಡೆ ಹಾಕುತ್ತಿದ್ದೆ. ಅಂಗಡಿಗೆ ಬಂದವರೆಲ್ಲ ಹುಡುಗಿಗೆ ಲಂಗ ತೋರಿಸಿ ಎನ್ನುವಂತಾಯಿತು. ಅಣ್ಣನನ್ನು ಕರೆಯಿರಿ ಎಂದರೆ ಇವರು ಲೆನ್ಸು ಒರೆಸುತ್ತ ಕೂರುವರು. ಕೊನೆಗೆ ಒಂದು ದಿನ, ನಿನ್ನ ಚಿಕ್ಕಪ್ಪನ ಮಗನ ತೊಡೆಯ ಮೇಲೆ ಕೂರಿಸಿದರಾಯಿತು, ಅವನೂ ಮಾವನೇ ಎಂದುಬಿಟ್ಟರು.

ಅಪ್ಪ ಅವ್ವ ಇಬ್ಬರೂ ಹೋದ ಮೇಲೆ ನನಗೆ ತವರು ಎಂದರೆ ಅಣ್ಣನೊಬ್ಬನೇ. ಅವನಿರುವಾಗ ಇನ್ನೊಬ್ಬನ ತೊಡೆಯ ಮೇಲೆ ಜವಳವಾದರೆ, ನನಗೆ ತವರಿಲ್ಲ ಎಂದು ಊರಿಗೆಲ್ಲ ಸಾರಿದ ಹಾಗೆ. ಆಮೇಲೆ ಅಣ್ಣನೂ ನಮ್ಮ ಹೊಸ್ತಿಲು ತುಳಿಯುತ್ತಿರಲಿಲ್ಲ. ಎರಡು ದಿನ ನಾನೂ ಇವರ ಜೊತೆ ಮಾತು ಬಿಟ್ಟೆ. ಮೂರನೇ ದಿನ ಹೇಳಿದೆ: "ನಂಗೊಬ್ಬ ಅಣ್ಣ ಅದಾನ. ಅವ ಬರೂತನಕ ಜಡಿ ಹಾಕ್ತೇನಿ. ಕಾಲೇಜಿಗೂ ಜಡಿ ಹಾಕಿ ಕಳಸ್ತೇನಿ."

ಆ ಭಾನುವಾರ ಇವರು ಮಗನದೇ ಚಿತ್ರ ಹಾಕಿದರು. ಅಂಗಡಿಯ ಮೆಟ್ಟಿಲ ಮೇಲೆ ಜಡೆ ಬಿಚ್ಚಿಕೊಂಡು ಕೂತಿದ್ದಾನೆ, ಕೂದಲು ಕಣ್ಣ ಮೇಲೆ ಇಳಿದಿದೆ. ಪೋಸ್ಟ್‌ಮಾಸ್ಟರು ಕೂಡಲೇ ಬರೆದರು: ಮುದ್ದಾದ ಹುಡುಗಿ, ಆದರೆ ಕಣ್ಣೇ ಕಾಣುತ್ತಿಲ್ಲ, ಮುಂಗೂದಲು ಕತ್ತರಿಸಿ ತೆಗೆಯಿರಿ. ಹುಡುಗ ಸರ್, ಸೋದರಮಾವ ಮೊದಲು ಕತ್ತರಿಸದೆ ನಾವು ಕತ್ತರಿಸುವ ಹಾಗಿಲ್ಲ ಎಂದು ಇವರು. ಸೋದರಮಾವ ಎಲ್ಲಿದ್ದಾರೆ ಎಂದು ಅವರು. ಇವರ ಬೆರಳು ಕೀಲಿಗಳ ಮೇಲೆ ನಿಂತುಬಿಟ್ಟಿತು. ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ನನ್ನನ್ನು ನೋಡಿದರು. ಇದ್ದದ್ದನ್ನು ಬರೆಯಿರಿ ಎಂದೆ. ಬರೆದರು: ಮುಂಡಗೋಡದಲ್ಲಿ.

ಆ ಸಂಜೆ ಉತ್ತರ ಬರಲಿಲ್ಲ. ಇಡೀ ವಾರ ನಾನು ಬೇಳೆಗೆ ಉಪ್ಪು ಹಾಕಿದ್ದೆನೋ ಇಲ್ಲವೋ, ಇವರೂ ಏನೂ ಅನ್ನಲಿಲ್ಲ. ಮುಂದಿನ ಭಾನುವಾರ ತೆರೆದಾಗ ಅಣ್ಣನ ಉತ್ತರ ಕಾದಿತ್ತು: ಮಗುವಿನ ಕಣ್ಣು ಕಾಣಬೇಕೆಂಬುದನ್ನು ಒಪ್ಪುತ್ತೇನೆ ಸರ್. ಸೋದರಮಾವ ಬರಲು ತಯಾರಿದ್ದಾನೆ. ಬೆಳಗಿನ ಬೆಳಕು ಒಳ್ಳೆಯದು. ಯಾವ ದಿನ?

ಅದರ ಕೆಳಗೆ ಪೋಸ್ಟ್‌ಮಾಸ್ಟರು, ತನಗೆ ಏನೂ ಅರ್ಥವಾಗಲಿಲ್ಲ, ಆದರೂ ತೆಗೆಯುತ್ತಲೇ ಇರಿ ಎಂದಿದ್ದರು.

ಪ್ಲೈವುಡ್ಡಿಗೆ ಹಣೆ ಹಚ್ಚಿ ನಾನು ಅತ್ತೆ. ಮನೆಗೆ ಬರುವ ದಾರಿಯಲ್ಲಿ ಇವರು ಪಂಚಾಂಗ ನೋಡುವ ಅಯ್ಯನವರ ಮನೆಯ ಮುಂದೆ ಸ್ಕೂಟರ್ ನಿಲ್ಲಿಸಿ, ಒಳಗೆ ಹೋಗಿ, ಒಳ್ಳೆಯ ದಿನ ಕೇಳಿಕೊಂಡು ಬಂದರು.

ಜವಳದ ದಿನ ಅಣ್ಣನೂ ಅವನ ಹೆಂಡತಿ, ನಮ್ಮ ವೈನಿಯೂ ಬಂದರು. ಅಣ್ಣನ ಕೈಯಲ್ಲಿ ಮಗುವಿಗೆ ಹೊಸ ಬಟ್ಟೆ, ಕೊರಳಲ್ಲಿ ಕ್ಯಾಮೆರಾ. ಬಾಗಿಲಲ್ಲಿ ನಿಂತ ಇವರ ಕೊರಳಲ್ಲೂ ಕ್ಯಾಮೆರಾ. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ, ಒಬ್ಬರ ಲೆನ್ಸನ್ನು ಇನ್ನೊಬ್ಬರು ನೋಡಿಕೊಂಡರು. ಬರ್ರಿ ಎಂದು ಇವರು ಹೇಳಿದ್ದು ವೈನಿಗೆ. ವಾರವಾರ ಸರ್ ಸರ್ ಎಂದವರು ಎದುರಾದಾಗ ಮತ್ತೆ ಗೋಡೆಯಾಗಿಬಿಟ್ಟರು. ಹೀಗೇ ಬಂದು ಹೀಗೇ ಹೋಗಿಬಿಡುತ್ತಾನೇನೋ ಎಂದು ನನಗೆ ಹೆದರಿಕೆಯಾಯಿತು.

ಹಿತ್ತಲಲ್ಲಿ ಮಣೆ ಹಾಕಿ, ಅಣ್ಣನ ತೊಡೆಯ ಮೇಲೆ ಮಗನನ್ನು ಕೂರಿಸಿದೆವು. ಅಣ್ಣ ಕ್ಯಾಮೆರಾ ತೆಗೆದು ವೈನಿಯ ಕೈಗೆ ಕೊಟ್ಟ. ಕತ್ತರಿ ಹಿಡಿದ. ಇವರು ಎದುರಿಗೆ ಬಂದು ಕ್ಯಾಮೆರಾವನ್ನು ಕಣ್ಣಿಗೆ ಹಚ್ಚಿದರು. ಸೂರ್ಯ ನೇರ ಇವರ ಕಣ್ಣಿಗೆ. ಅಣ್ಣ ಒಂದು ಕ್ಷಣ ತಡೆದುಕೊಂಡ, ಆಮೇಲೆ ಆಗಲಿಲ್ಲ.

"ಬೆಳಕಿಗೆ ಎದುರ ನಿಂತೀರಿ," ಎಂದ. "ಈ ಕಡೆ ಬರ್ರಿ."

ಇವರು ಕ್ಯಾಮೆರಾ ಇಳಿಸಿದರು.

"ಆ ಕಡೆ ಬಂದ್ರ ಬರೇ ನಿಮ್ಮ ಬೆನ್ನ ಕಾಣ್ತೈತಿ."

"ಹಂಗಾರ ನಾನ ತಿರಗ್ತೇನಿ," ಎಂದು ಅಣ್ಣ ಮಗನನ್ನು ಎತ್ತಿಕೊಂಡು, ಮಣೆಯನ್ನು ಕಾಲಿನಿಂದ ಸರಿಸಿ, ಮೂಡಣಕ್ಕೆ ಮುಖ ಮಾಡಿ ಕೂತ. ಶಾಸ್ತ್ರ ಇರುವುದೂ ಹಾಗೆಯೇ ಎಂದು ಅಯ್ಯನವರಿಗೆ ಆಗ ನೆನಪಾಯಿತು. ಇವರು ಸುತ್ತು ಹಾಕಿ ಎದುರಿಗೆ ಬಂದು ಮತ್ತೆ ಕ್ಯಾಮೆರಾ ಎತ್ತಿದರು. ಅಷ್ಟರಲ್ಲಿ, ಮದುವೆಯ ಒಂದು ಫೋಟೋವೂ ಇಲ್ಲದೆ ಅಷ್ಟು ವರ್ಷ ಬಾಳಿದ ನಮ್ಮ ವೈನಿ ಮೆತ್ತಗೆ ಹೇಳಿದಳು: "ರೋಲ್ ತಿರಗಾಕತ್ತೈತೇನ ಮೊದಲ ನೋಡ್ರಿ."

ಮೊದಲು ನಕ್ಕವನು ಅಣ್ಣ. ಇವರು ನಕ್ಕ ರಭಸಕ್ಕೆ ಕ್ಯಾಮೆರಾ ಅಲುಗಿ, ಆ ಜವಳದ ಮೊದಲ ಚಿತ್ರ ಇವತ್ತಿಗೂ ಮಸುಕು ಮಸುಕಾಗಿಯೇ ಇದೆ.

ಆ ಗುಂಪು ಈಗಿಲ್ಲ. ಪೋಸ್ಟ್‌ಮಾಸ್ಟರು ಏನಾದರೋ ಗೊತ್ತಿಲ್ಲ. ಮಗ ಧಾರವಾಡದಲ್ಲಿ ಓದುತ್ತಾನೆ, ತಾನಾಗಿಯೇ ಹೆಗಲತನಕ ಕೂದಲು ಬಿಟ್ಟಿದ್ದಾನೆ, ಅದಕ್ಕೆ ಯಾವ ಮಾವನ ಅಪ್ಪಣೆಯೂ ಬೇಕಾಗಿಲ್ಲ. ಅಣ್ಣನ ಕಣ್ಣನ್ನು ಮಾತ್ರ ಸಕ್ಕರೆ ಕಾಯಿಲೆ ತಿಂದುಹಾಕಿತು. ಈಗ ಅವನಿಗೆ ಕಾಣುವುದು ಬೆಳಕು ಮತ್ತು ನೆರಳು, ಅಷ್ಟೇ. ಬೇರೆ ಯಾರಿಗೆ ಹೀಗಾಗಿದ್ದರೂ ಇಷ್ಟು ಸಂಕಟವಾಗುತ್ತಿರಲಿಲ್ಲ.

ಇವರು ದಿನಾ ಸಂಜೆ ಅವನಿಗೆ ಫೋನು ಹಚ್ಚುತ್ತಾರೆ. ಆ ದಿನ ತೆಗೆದ ಚಿತ್ರವನ್ನು ಎದುರಿಗಿಟ್ಟುಕೊಂಡು ಬಾಯಲ್ಲಿ ಹೇಳುತ್ತಾರೆ: ಎಡಕ್ಕೆ ಏನಿದೆ, ಬಲಕ್ಕೆ ಏನಿದೆ, ಆಕಾಶ ಎಷ್ಟು, ನೆಲ ಎಷ್ಟು. ಅಣ್ಣ ಅಷ್ಟನ್ನು ಕೇಳಿಸಿಕೊಂಡೇ ತಪ್ಪು ಹುಡುಕುತ್ತಾನೆ. ಇವರು ಒಪ್ಪಿಕೊಳ್ಳುತ್ತಾರೆ.

ಇವತ್ತು ಮಧ್ಯಾಹ್ನ ನಾನು ಹಿತ್ತಲಲ್ಲಿ ಹಪ್ಪಳ ಹರವುತ್ತಿದ್ದಾಗ ಇವರು ಹೇಳದೆ ಕೇಳದೆ ನನ್ನ ಚಿತ್ರ ತೆಗೆದರು. ಬಯ್ದೆ. ಸಂಜೆ ಅದೇ ಚಿತ್ರವನ್ನು ಮುಂಡಗೋಡಕ್ಕೆ ವಿವರಿಸುತ್ತಿದ್ದರು. ನಾನು ಅಲ್ಲೇ ಕೂತು ಸೊಪ್ಪು ಸೋಸುತ್ತಿದ್ದೆ. ಮುಖದ ಮೇಲೆ ಬೆಳಕು ಬಿದ್ದಿದೆಯೇ ಎಂದು ಅಣ್ಣ ಕೇಳಿದ. ಬಿದ್ದಿದೆ ಎಂದರು. ಆ ಕಡೆಯಿಂದ ಇನ್ನೊಂದು ಪ್ರಶ್ನೆ ಬಂತು.

"ತಂಗಿ ನಗ್ತಾಳೇನ್ರಿ?"

ಚಿತ್ರದಲ್ಲಿ ನಾನು ಬಾಯಿ ತೆರೆದು ಬಯ್ಯುತ್ತಿದ್ದೇನೆ. ಇವರು ಚಿತ್ರವನ್ನು ನೋಡಿದರು, ನನ್ನನ್ನು ನೋಡಿದರು.

"ನಗಾಕತ್ತಾಳ," ಎಂದರು.

ಅವರ ಮಾತು ಸುಳ್ಳಾಗಬಾರದೆಂದು, ಫೋನಿನ ಹತ್ತಿರ ಬಾಗಿ, ಅಣ್ಣನಿಗೆ ಕೇಳುವ ಹಾಗೆ ನಕ್ಕೆ.