ಮಗಳು ಶಾಂತಳಾದ ತಿಂಗಳು

ಎರಡನೇ ಕ್ಲಾಸಿನಲ್ಲಿದ್ದ ನನ್ನ ಮಗಳು ಕೂತಲ್ಲಿ ಕೂರುವವಳಲ್ಲ. ಪಾಠದ ನಡುವೆ ಎದ್ದು ಕಿಟಕಿಗೆ ಹೋಗುತ್ತಿದ್ದಳು, ಹೇಳಿದ್ದನ್ನು ಅರ್ಧ ಕೇಳಿ ಓಡುತ್ತಿದ್ದಳು. ಘಣಸೋಲಿಯ ಶಾಲೆಯವರು ನನ್ನನ್ನು ಪದೇ ಪದೇ ಕರೆಸಿ, ಹೀಗೇ ಆದರೆ ಬೇರೆ ಶಾಲೆ ನೋಡಿಕೊಳ್ಳಿ ಎಂದಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಇದ್ದಕ್ಕಿದ್ದಂತೆ ಶಾಂತಳಾದಳು. ಟೀಚರ್ ಹೊಗಳಿದರು. ದೊಡ್ಡವಳಾಗುತ್ತಿದ್ದಾಳೆ ಎಂದು ನಾನು ಹಿಗ್ಗಿದೆ. ಗಂಡ ಕೆಲಸದ ಹೋಟೆಲಿನಿಂದ ಮೈಸೂರು ಪಾಕ್ ಕಟ್ಟಿಸಿಕೊಂಡು ಬಂದರು.

ಒಂದು ಬೆಳಿಗ್ಗೆ ತುರ್ಭೆಯ ಆಫೀಸಿನಲ್ಲಿದ್ದಾಗ ಶಾಲೆಯಿಂದ ಫೋನ್ ಬಂತು. ಮಗಳು ಬೆಂಚಿನ ಮೇಲೆ ಮಲಗಿದ್ದಾಳೆ, ಎಬ್ಬಿಸಿದರೆ ಏಳುತ್ತಿಲ್ಲ. ನಾನು ರಿಕ್ಷಾ ಹಿಡಿದು ತಲುಪುವಷ್ಟರಲ್ಲಿ ಅವಳನ್ನು ಹತ್ತಿರದ ಆಸ್ಪತ್ರೆಗೆ ಸೇರಿಸಿದ್ದರು. ಮನೆಯಲ್ಲಿ ಮಗಳನ್ನು ನೋಡಿಕೊಳ್ಳುವ ನನ್ನ ಅತ್ತೆಯೂ ಓಡಿ ಬಂದಿದ್ದರು. ಮನೆಯಲ್ಲಿ ಏನಾದರೂ ಔಷಧಿ ಕೊಡುತ್ತೀರಾ ಎಂದು ಡಾಕ್ಟರ್ ಕೇಳಿದಾಗ ಏನೂ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ.

ಅರೆಗಣ್ಣು ತೆರೆದ ಮಗಳು ಶಾಲೆಯಲ್ಲಿ ಆಡಿ ರೂಢಿಯಾದ ಹಿಂದಿಯಲ್ಲಿ, "ಅಜ್ಜಿ ರೋಜ್ ದೇತಿ ಹೈ, ಮೀಠಾ ವಾಲಾ" ಎಂದಳು. ಅಜ್ಜಿ ದಿನವೂ ಸಿಹಿ ಔಷಧಿ ಕೊಡುತ್ತಾರೆ.

ನಾನು ಅತ್ತೆಯ ಮುಖ ನೋಡಿದೆ. ಅವರು ಏನನ್ನೂ ಮುಚ್ಚಿಡಲಿಲ್ಲ. "ಶಾಲೆಯಿಂದ ತೆಗೀತಾರೆ ಅಂತ ನೀನು ಅಳ್ತಿದ್ದೆ ಅಲ್ವಾ. ಶೀತದ ಮದ್ದು ಕುಡಿದ್ರೆ ಸುಮ್ಮನೆ ಕೂರ್ತಾಳೆ ಅಂತ ಕೊಟ್ಟೆ. ಇವತ್ತು ಪರೀಕ್ಷೆ, ಸ್ವಲ್ಪ ಜಾಸ್ತಿ ಹಾಕಿದೆ."

ನಾವು ಸಿಹಿ ಹಂಚಿ ಸಂಭ್ರಮಿಸಿದ್ದು ಮಗುವಿನ ಮಂಪರನ್ನು.

ಸಂಜೆಗೆ ಅವಳು ಚೇತರಿಸಿಕೊಂಡಳು. ಆಸ್ಪತ್ರೆಯವರು ಪಕ್ಕದ ಠಾಣೆ ನಗರದ ಮಕ್ಕಳ ಮನೋವೈದ್ಯೆಯ ಬಳಿ ಕಳಿಸಿದರು. ಅವರು ಹಲವು ಸಲ ಮಗಳನ್ನು ಆಡಿಸಿ, ನಮ್ಮನ್ನೂ ಟೀಚರನ್ನೂ ವಿಚಾರಿಸಿದ ಮೇಲೆ, ಇದು ತುಂಟತನವೂ ಅಲ್ಲ, ಬೆಳೆಸಿದ ತಪ್ಪೂ ಅಲ್ಲ, ಗಮನ ನಿಲ್ಲಿಸಲಾಗದ ತೊಂದರೆ ಎಂದರು. ಮುಂದಿನ ಬೆಂಚು, ತುಂಡು ತುಂಡಾಗಿ ಪಾಠ, ನಡುವೆ ಎದ್ದು ಓಡಾಡಲು ಬಿಡುವು, ವಾರಕ್ಕೊಮ್ಮೆ ಮಗಳಿಗೂ ಮನೆಯವರಿಗೂ ತರಬೇತಿ ಎಂದು ಸೂಚಿಸಿದರು. ಕೆಲವು ತಿಂಗಳಾದರೂ ಸಾಕಷ್ಟು ಫಲ ಕಾಣದಾಗ ಮಾತ್ರೆ ಬರೆದರು.

ಅತ್ತೆ ಬೆಚ್ಚಿಬಿದ್ದರು. "ನಾನು ಕೊಟ್ಟದ್ದು ತಪ್ಪು, ಇವರು ಕೊಟ್ಟರೆ ಸರಿಯಾ?"

ಒಳಗೊಳಗೇ ನನಗೂ ಅದೇ ಭಯವಿತ್ತು. ವೈದ್ಯೆ ಸಿಟ್ಟಾಗಲಿಲ್ಲ. ಅದು ಮಲಗಿಸುವ ಔಷಧಿ, ಇದು ಎಚ್ಚರವಾಗಿದ್ದು ಗಮನ ಕೊಡಲಿಕ್ಕೆ. ಊಟ, ನಿದ್ದೆ, ತೂಕ ಎಲ್ಲ ನೋಡುತ್ತಾ ಕೊಡುತ್ತೇನೆ ಎಂದು ಅತ್ತೆಗೆ ಸಾವಧಾನವಾಗಿ ತಿಳಿಸಿದರು. ಅಂದಿನಿಂದ ಅತ್ತೆ ಒಂದು ತರಬೇತಿಯನ್ನೂ ತಪ್ಪಿಸಿಲ್ಲ.

ಮಗಳು ಈಗ ಲೆಕ್ಕವನ್ನು ಮುಗಿಸಿಯೇ ಏಳುತ್ತಾಳೆ. ಮನೆ ಮುಂದಿನ ಕಾರಿಡಾರಿನಲ್ಲಿ ಮಾತ್ರ ಇನ್ನೂ ಓಡುತ್ತಾಳೆ. ಪಕ್ಕದ ಮನೆಯವರು ದೂರುತ್ತಾರೆ. ನಾನು ಕ್ಷಮೆ ಕೇಳುತ್ತೇನೆ. ಅವಳು ಬಹಳ ಹೊತ್ತು ಸದ್ದಿಲ್ಲದೆ ಕೂತರೆ ಹೋಗಿ ಮಾತಾಡಿಸಿ ಬರುತ್ತೇನೆ.