ಕಮಲಾಕ್ಷನ ಬಾಯಿ, ಖಲೀಲನ ಗಿಣಿ

ಬಂಟ್ವಾಳ ಹಳೇ ಪೇಟೆಯ ಕಮಲಾಕ್ಷ ಹೊಲಿಗೆ ಮೆಶಿನ್ ರಿಪೇರಿಯವನು. ಒಂದು ಸ್ಕ್ರೂ ಬಿಚ್ಚುವ ಮೊದಲು ನಾಲ್ಕೂ ಕಡೆಯಿಂದ ನೋಡುವ ನಿಧಾನಿ. ಬಾಯಿ ಬಿಚ್ಚುವಾಗ ಮಾತ್ರ ಯಾವ ಕಡೆಗೂ ನೋಡುತ್ತಿರಲಿಲ್ಲ. ಅವನು ಒಂದು ಗಿಣಿಯ ಜೊತೆ ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡದ್ದು ಹಾಗೆ ಬಿಚ್ಚಿದ ಬಾಯಿಯಿಂದಲೇ.

ಗಿಣಿ ಅವನದಲ್ಲ. ಫರಂಗಿಪೇಟೆಯಲ್ಲಿ ಟೈಲರ್ ಅಂಗಡಿ ಇಟ್ಟಿದ್ದ ಇಬ್ರಾಹಿಂ ಖಲೀಲನದು. ಅಂಗಡಿಯ ಮೆಶಿನುಗಳಿಗೆ ಎಣ್ಣೆ ಬಿಡಲು ಹೋಗುತ್ತಿದ್ದ ಕಮಲಾಕ್ಷ ಎಣ್ಣೆಗಿಂತ ಹೆಚ್ಚು ಚಾ ಖರ್ಚು ಮಾಡಿಸಿ ಖಲೀಲನ ಸ್ನೇಹಿತನಾಗಿದ್ದ. ಕತ್ತರಿಸುವ ಮೇಜಿನ ಮೇಲೆ ತೂಗುವ ಪಂಜರದಲ್ಲಿ ಆ ಗಿಣಿ. ಮರಿಯಾಗಿದ್ದಾಗ ಮೆಶಿನಿನೊಳಗಿನ ನೂಲಿನ ಉರುಳೆಯ ಹಾಗೆ ಕೂತಲ್ಲೇ ಗಿರ್ರನೆ ಸುತ್ತುತ್ತಿತ್ತೆಂದು ಅದರ ಹೆಸರು ಬಾಬಿನ್. ಬರುತ್ತಿದ್ದ ಮಾತು ಒಂದೇ: "ನಾಳೆ ಕೊಡ್ತೇನೆ!" ಟೈಲರನ ಗಿಣಿಗೆ ಬೇರೆ ಮಾತು ಎಲ್ಲಿಂದ ಬರಬೇಕು?

ತೊಂಬತ್ತನಾಲ್ಕರಲ್ಲಿ ಖಲೀಲನಿಗೆ ಶಾರ್ಜಾದ ವೀಸಾ ಬಂತು. ಅಂಗಡಿ ಮುಚ್ಚಿತು. ಹೆಂಡತಿ ಜುಲೈಕಾ ಮೂಡುಬಿದಿರೆಯ ತವರಿಗೆ ಹೊರಟಳು. ಅಲ್ಲಿ ಬೆಕ್ಕುಗಳ ಒಂದು ಅವಿಭಕ್ತ ಕುಟುಂಬವೇ ವಾಸವಾಗಿತ್ತು. ಹಾಗಾಗಿ ಹೊರಡುವ ದಿನ ಖಲೀಲ ಪಂಜರ ಹಿಡಿದು ಕಮಲಾಕ್ಷನ ಜಗಲಿಗೆ ಬಂದ.

"ಎರಡು ತಿಂಗಳು ನೋಡ್ಕೋ ಮಾರಾಯ. ಅಷ್ಟರಲ್ಲಿ ಯಾರಾದರೂ ಸಿಗ್ತಾರೆ."

ಅವನು ಕೇಳಿದ್ದು ಅಷ್ಟೇ. ಆದರೆ ಕೇಳುವಾಗ ಅವನ ಕಣ್ಣು ಒದ್ದೆಯಾಯಿತು. ಸ್ನೇಹಿತನ ಕಣ್ಣೀರು ಕಂಡರೆ ಕಮಲಾಕ್ಷನಿಗೆ ತಡೆಯುವುದಿಲ್ಲ. ಅವನ ಬಾಯಿ ತಾನಾಗಿ ತೆರೆಯಿತು.

"ಎರಡು ತಿಂಗಳು ಎಂಥದು? ಧರ್ಮಸ್ಥಳದ ಆಣೆ ಖಲೀಲ್! ನೀನಾಗಿ ಬಂದು ನನ್ನ ಗಿಣಿ ಕೊಡು ಅಂತ ಕೇಳುವವರೆಗೆ ಇದನ್ನು ಒಂದು ರಾತ್ರಿಯೂ ಬಿಟ್ಟಿರುವುದಿಲ್ಲ!"

ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದ ಹೆಂಡತಿ ಶಶಿಪ್ರಭಾಳ ಸೌಟು ನಿಂತಿತು. ಖಲೀಲನ ಮುಖವೂ ಬಿಳಿಚಿತು. ನಾಲ್ಕಾಣೆಗೆ ಅಂಗಡಿಗಳಲ್ಲಿ ಬೆಲೆ ಹೋಗಿದ್ದ ಕಾಲ ಅದು. ಆದರೆ ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಈ ಒಂದು ಆಣೆಯ ಬೆಲೆ ಪೈಸೆಯಷ್ಟೂ ಇಳಿದಿರಲಿಲ್ಲ. ಅದನ್ನು ಹಿಂದೂಗಳಿರಲಿ, ಬ್ಯಾರಿ ಮುಸ್ಲಿಮರಿರಲಿ, ಪೊರ್ಬು ಎನ್ನುವ ಕ್ರೈಸ್ತರಿರಲಿ, ಯಾರೂ ಹಗುರವಾಗಿ ಎತ್ತುವುದಿಲ್ಲ.

"ಅಷ್ಟು ದೊಡ್ಡದು ಬೇಡ ಇತ್ತು ಮಾರಾಯ," ಎಂದ ಖಲೀಲ ಮೆಲ್ಲಗೆ.

ಅವನು ಹೋದ ಮೇಲೆ ಶಶಿಪ್ರಭಾ ಹೊರಗೆ ಬಂದು ಪಂಜರವನ್ನೂ ಗಂಡನನ್ನೂ ಒಟ್ಟಿಗೆ ನೋಡಿದಳು. "ಹೇಳಿ ಆಯ್ತಲ್ಲ. ಇನ್ನು ನಡ್ಸಿ."

ನಡೆಸುವುದೆಂದರೆ ಹೊತ್ತುಕೊಂಡು ನಡೆಯುವುದು ಎಂದು ಕಮಲಾಕ್ಷನಿಗೆ ಗೊತ್ತಾದದ್ದು ಮೂಡುಬಿದಿರೆಯಿಂದ ಕೆಲಸ ಬಂದಾಗ. ಅಲ್ಲಿ ಆಯಿಶಮ್ಮ ಹೆಣ್ಣುಮಕ್ಕಳಿಗೆ ಹೊಲಿಗೆ ಕ್ಲಾಸು ನಡೆಸುತ್ತಿದ್ದರು. ಅವರ ಎಲ್ಲ ಮೆಶಿನು ನೋಡುವುದೆಂದರೆ ರಾತ್ರಿ ಉಳಿಯಲೇಬೇಕು. ಉಳಿಯುವುದೆಂದರೆ ಗಿಣಿಯೂ ಬರಬೇಕು. ಒಂದು ಕೈಯಲ್ಲಿ ಟೂಲ್ಸಿನ ಚೀಲ, ಇನ್ನೊಂದರಲ್ಲಿ ಹಳೆ ಲುಂಗಿ ಮುಚ್ಚಿದ ಪಂಜರ ಹಿಡಿದು ಅವನು ಸರ್ವಿಸ್ ಬಸ್ಸು ಹತ್ತಿದ.

"ಅಣ್ಣ, ಒಳಗೆ ಎಂಥದು?" ಎಂದ ಕಂಡಕ್ಟರ್.

"ಗಿಣಿ."

"ಮಾತಾಡ್ತದಾ?"

"ಇಲ್ಲ."

"ಹಾಗಾದ್ರೆ ಲಗೇಜು. ಮಾತಾಡ್ತಿದ್ರೆ ಹಾಫ್ ಟಿಕೆಟು. ಎಲ್ಲಿ, ದುಡ್ಡು ತೆಗೀರಿ."

"ನಾಳೆ ಕೊಡ್ತೇನೆ!" ಎಂದಿತು ಲುಂಗಿಯೊಳಗಿನಿಂದ ಬಾಬಿನ್.

ಇಡೀ ಬಸ್ಸು ನಕ್ಕಿತು. ಕಂಡಕ್ಟರ್ ನಗಲಿಲ್ಲ. ಕಮಲಾಕ್ಷ ಹಾಫ್ ಟಿಕೆಟು ತೆಗೆದುಕೊಂಡ.

ಆಯಿಶಮ್ಮನವರಲ್ಲಿ ಸಂಜೆಯವರೆಗೆ ಕೆಲಸ ಚೆನ್ನಾಗಿಯೇ ನಡೆಯಿತು. ಒಂದು ಹಳೆ ಕಾಲು ಮೆಶಿನು ತುಳಿದಾಗಲೆಲ್ಲ ಕಿರ್ರ್ ಕಿರ್ರ್ ಎನ್ನುತ್ತಿತ್ತು. ಎಣ್ಣೆ ಬಿಟ್ಟ, ಬೆಲ್ಟ್ ಬದಲಿಸಿದ, ಪೆಡಲಿನ ಬುಡ ಉಜ್ಜಿದ. ತುಳಿದರೆ ಮತ್ತೆ ಕಿರ್ರ್. ಪೂರ್ತಿ ಬಿಚ್ಚಿ ಜೋಡಿಸಿದ. ಕಿರ್ರ್. ಹುಡುಗಿಯರು ಬಾಯಿಗೆ ಬಟ್ಟೆ ಒತ್ತಿಕೊಂಡರು. ಕೊನೆಗೆ ಬೇಸತ್ತು ಮೆಶಿನಿನಿಂದ ಎದ್ದು ದೂರ ನಿಂತ. ಆಗಲೂ ಕಿರ್ರ್ ಕೇಳಿಸಿತು.

"ಕಮಲಾಕ್ಷಣ್ಣ, ಮೆಶಿನು ಯಾವಾಗಲೋ ಸರಿಯಾಗಿದೆ," ಎಂದರು ಆಯಿಶಮ್ಮ. "ಈಗ ನಿಮ್ಮ ಗಿಣಿಗೆ ಸ್ವಲ್ಪ ಎಣ್ಣೆ ಬಿಡಿ."

ಆ ಸದ್ದನ್ನು ಬಾಬಿನ್ ಮತ್ತೆ ಬಿಡಲಿಲ್ಲ. ಅವನು ಎಲ್ಲಿ ಮೆಶಿನು ಸರಿಮಾಡಿದರೂ ಅದು ಹಿಂದಿನಿಂದ ಹಾಳು ಮಾಡುತ್ತಿತ್ತು. ಮುಂಡಾಜೆಯ ಮಾವನ ಮನೆಯಲ್ಲಿ ಶಶಿಪ್ರಭಾಳ ತಮ್ಮ ರಮಾನಾಥನ ಮದುವೆಯಾದಾಗ "ಅಳಿಯ ಬಂದ" ಎನ್ನುವ ಮೊದಲು "ಗಿಣಿ ಬಂತು" ಎಂದು ಮಕ್ಕಳು ಕೂಗಿದರು. ಬಂಧುಗಳೆಲ್ಲ ಚಾವಡಿಯಲ್ಲಿ ಹರಟುತ್ತ ಮಲಗಿದರೆ, ಗಲಾಟೆಯ ಹಕ್ಕಿಯೊಂದಿಗೆ ಅಳಿಯನಿಗೆ ತೆಂಗಿನಕಾಯಿಯ ಕೋಣೆ ಸಿಕ್ಕಿತು.

"ಭಾವಾ, ಹೆಂಡತಿಯನ್ನಾದರೂ ತವರಲ್ಲಿ ಬಿಟ್ಟು ಹೋಗ್ತೀರಿ," ಎಂದ ರಮಾನಾಥ. "ಇದನ್ನು ಬಿಡುವುದಿಲ್ಲ ಅಲ್ವಾ?"

ಕೊಕ್ಕಿದ್ದದ್ದಕ್ಕೆ ಕೊಕ್ ಕೊಡುವುದು ಅಷ್ಟು ಸುಲಭವಾಗಿದ್ದರೆ ಅವನು ಎಂದೋ ಕೊಡುತ್ತಿದ್ದ.

ಇದೆಲ್ಲ ನಗುವ ವಿಷಯವಾಗಿಯೇ ಉಳಿಯುತ್ತಿತ್ತೋ ಏನೋ. ಆದರೆ ಎರಡು ವರ್ಷದ ಮೇಲೆ ಒಂದು ದಿನ ಎಸ್‌ಟಿಡಿ ಬೂತಿಗೆ ಅವನಿಗೊಂದು ಫೋನು ಬಂತು. ಶಾರ್ಜಾದಿಂದ ಖಲೀಲ.

"ಇಲ್ಲಿ ನಮ್ಮ ಗಾರ್ಮೆಂಟ್ಸಿಗೆ ಮೆಶಿನ್ ನೋಡುವವ ಒಬ್ಬ ಬೇಕು. ನಾನು ನಿನ್ನ ಹೆಸರು ಹೇಳಿದ್ದೇನೆ. ವೀಸಾ ಅವರೇ ಕಳಿಸ್ತಾರೆ. ಬರ್ತೀಯಾ?"

ಕಮಲಾಕ್ಷನ ಎದೆ ಹೊಸ ಮೆಶಿನಿನ ಹಾಗೆ ಓಡಿತು. ರೆಡಿಮೇಡ್ ಅಂಗಡಿಗಳು ಬಂದ ಮೇಲೆ ಬಿ.ಸಿ.ರೋಡಿನಲ್ಲಿ ಒಬ್ಬೊಬ್ಬರಾಗಿ ಟೈಲರುಗಳು ಅಂಗಡಿ ಮುಚ್ಚುತ್ತಿದ್ದರು. ರಿಪೇರಿಗೆ ಬರುತ್ತಿದ್ದದ್ದು ಇನ್ನು ಮಾರಲಾಗದ ಮೆಶಿನುಗಳು ಮಾತ್ರ. ಒಂದು ದೊಡ್ಡ ಹಾಲ್ ತುಂಬ ಸಾಲುಸಾಲಾಗಿ ಹೊಸ ಮೆಶಿನುಗಳು, ನಡುವೆ ತಾನು: ಈ ಚಿತ್ರ ಅವನ ಕಣ್ಣಿಗೆ ಕಟ್ಟಿತು. ಆಮೇಲೆ ಆ ಹಾಲ್‌ನ ಮಾಡಿನಿಂದ ಒಂದು ಪಂಜರ ಇಳಿದು ಬಂತು.

"ಗಿಣಿ?" ಎಂದ.

"ಯಾರಿಗಾದರೂ ಕೊಡು ಮಾರಾಯ. ನಾನು ಬಿಟ್ಟೆ."

ಅವನು ಓಡುತ್ತ ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನೀವು ಏನು ಹೇಳಿದ್ದು? ನೀನಾಗಿ ಬಂದು ಕೇಳುವವರೆಗೆ ಅಂತ. ಅವರು ಬಂದ್ರಾ? ಬಂದದ್ದು ಫೋನು. ಕೇಳಿದ್ರಾ? ಬಿಟ್ಟೆ ಅಂದ್ರು."

"ಅವನೇ ಬಿಟ್ಟ ಮೇಲೆ ಮತ್ತೆ ಎಂತ?"

"ಆಣೆ ಅವರ ಮೇಲೆ ಹಾಕಿದ್ದಾ? ಹಾಕಿದ್ದು ಎಲ್ಲಿಯದು ಅಂತ ನೆನಪು ಉಂಟಲ್ಲ."

ವಕೀಲಳಾಗಬೇಕಿದ್ದವಳು ತನ್ನ ಪಾಲಿಗೆ ಹೆಂಡತಿಯಾಗಿ ಬಂದಳಲ್ಲ ಎಂದುಕೊಂಡ ಕಮಲಾಕ್ಷ. ಆದರೂ ಕಾನೂನಿನಲ್ಲಿ ಕಿಂಡಿ ಇರಲೇಬೇಕು. ತಾನು ಗಿಣಿಯನ್ನು ಬಿಟ್ಟರೆ ತಪ್ಪು. ಗಿಣಿಯೇ ತನ್ನನ್ನು ಬಿಟ್ಟರೆ? ಒಂದು ಮಧ್ಯಾಹ್ನ ಅವನು ಪಂಜರದ ಕೊಂಡಿ ಹಾಕಲು ಮರೆತ. ಮರೆಯುವುದಕ್ಕೆ ಬೆಳಗ್ಗಿನಿಂದ ತಯಾರಿ ನಡೆಸಿದ್ದ. ಬಾಬಿನ್ ಹೊರಗೆ ಬಂತು, ಕಿಟಕಿಯ ತನಕ ಹೋಗಿ ನೇತ್ರಾವತಿಯ ಕಡೆ ನೋಡಿತು, ಅವನ ತಲೆಯ ಮೇಲೆ ಸ್ವಲ್ಪ ಹೊತ್ತು ಕೂತು ಕೂದಲು ಎಳೆಯಿತು. ಆಮೇಲೆ ನಡೆದುಕೊಂಡೇ ಪಂಜರಕ್ಕೆ ಹೋಗಿ ಮೆಣಸು ತಿನ್ನತೊಡಗಿತು. ರೆಕ್ಕೆ ಇತ್ತು. ಹಾರುವ ಯೋಚನೆ ಇರಲಿಲ್ಲ. ಕಮಲಾಕ್ಷನದು ಅದರ ತಿರುಗುಮುರುಗು.

ಉಳಿದದ್ದು ಒಂದೇ ದಾರಿ. ಆಣೆ ಯಾವ ಹೆಸರಿನಲ್ಲೋ ಅಲ್ಲಿಗೇ ಹೋಗಿ ಬಿಡುಗಡೆ ಕೇಳುವುದು. ಗಂಡ, ಹೆಂಡತಿ, ಗಿಣಿ ಮೂವರೂ ಬೆಳ್ತಂಗಡಿ ದಾರಿಯಾಗಿ ಧರ್ಮಸ್ಥಳಕ್ಕೆ ಹೊರಟರು. ಬಸ್ಸಿನ ಉದ್ದಕ್ಕೂ ಅವನು ಬಾಯಿಪಾಠ ಮಾಡಿದ: "ಸ್ವಾಮೀ, ಅವಸರದಲ್ಲಿ ಆಡಿದ ಮಾತು. ತಪ್ಪಾಯಿತು. ನನ್ನನ್ನು ಬಿಟ್ಟುಬಿಡು." ಶಶಿಪ್ರಭಾ ಹೊರಗೆ ಮರದ ಕೆಳಗೆ ಪಂಜರ ಹಿಡಿದು ನಿಂತಳು. ಅವನು ಸರತಿಗೆ ಹೋದ.

ಸರತಿ ಹರಿದು ಹರಿದು ಅವನನ್ನು ಎದುರಿಗೆ ತಂದು ನಿಲ್ಲಿಸಿತು. ದೀಪ, ಹೂವು, ಗಂಟೆ. ಹಿಂದಿನಿಂದ ಒತ್ತುವ ಜನ. ಎಲ್ಲೆಲ್ಲೋ ಬೇಡದಲ್ಲಿ ತೆರೆದುಕೊಳ್ಳುತ್ತಿದ್ದ ಬಾಯಿ ಬೇಕಾದ ಜಾಗದಲ್ಲಿ ತುಕ್ಕು ಹಿಡಿದು ಕೂತಿತು. ಕೊನೆಗೆ ಏನೋ ಹೊರಗೆ ಬಂತು. ಜನ ಅವನನ್ನು ಮುಂದಕ್ಕೆ ದಾಟಿಸಿಬಿಟ್ಟರು.

"ಕೇಳಿದ್ರಾ?" ಎಂದಳು ಶಶಿಪ್ರಭಾ.

"ಕೇಳಿದೆ."

"ಎಂತ ಕೇಳಿದ್ರಿ?"

"ಎಲ್ಲರಿಗೂ ಒಳ್ಳೆಯದು ಮಾಡು ಅಂತ."

ಅವಳು ಪಂಜರ ಕೆಳಗಿಟ್ಟು, ಸೆರಗು ಬಾಯಿಗೊತ್ತಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹಿಂದಿರುಗುವ ಬಸ್ಸಿನಲ್ಲಿ ಕಡಲೆ ಕೊಂಡು ಅವನಿಗೂ ಗಿಣಿಗೂ ಹಂಚಿದಳು. ಅಷ್ಟು ಖುಷಿಯಾಗಿ ಅವಳನ್ನು ಅವನು ಬಹಳ ದಿನದಿಂದ ನೋಡಿರಲಿಲ್ಲ. ಕಡಲೆ ಅಗಿಯುತ್ತ ಅವನಿಗೆ ಮೆಲ್ಲನೆ ಹೊಳೆಯಿತು. ಪ್ರತಿಯೊಂದು ಕಿಂಡಿಯನ್ನೂ ಮುಚ್ಚಿದ್ದು ಆಣೆಯಲ್ಲ, ಇವಳು.

"ಶಶೀ, ನಾನು ಹೋಗುವುದು ನಿನಗೆ ಬೇಡವಾ?"

ಅವಳು ಕಿಟಕಿಯ ಕಡೆ ತಿರುಗಿದಳು. "ಬೇಡ ಅಂತ ನಾನು ಹೇಳಿದ್ದುಂಟಾ? ಆಣೆ ಹಾಕಿದ್ದು ನಾನಾ?"

ಆ ವೀಸಾ ಕಾಸರಗೋಡು ಕಡೆಯ ಇನ್ಯಾರಿಗೋ ಹೋಯಿತು.

ಆಮೇಲೆ ಕಮಲಾಕ್ಷನ ಬಾಯಿ ಕಡಿಮೆಯಾಯಿತು. ಕೆಲಸವೂ ಕಡಿಮೆ. ಸಂಜೆ ಹೊತ್ತು ಜಗಲಿಯಿಂದ ಗೇಟಿಗೆ, ಗೇಟಿನಿಂದ ಜಗಲಿಗೆ ನಡೆಯುತ್ತಿದ್ದ. ತುದಿ ಬಂದಾಗ ಗಿರ್ರನೆ ತಿರುಗುವುದು, ಮತ್ತೆ ನಡೆಯುವುದು. ಮೇಲೆ ಪಂಜರದ ಕೋಲಿನ ಮೇಲೆ ಬಾಬಿನ್ ಕೂಡ ಅದನ್ನೇ ಮಾಡುತ್ತಿತ್ತು. ಒಂದು ಸಂಜೆ ಇಬ್ಬರೂ ಒಟ್ಟಿಗೇ ತಿರುಗಿದರು. ಹಸಿಮೆಣಸು ಹಿಡಿದು ಬಾಗಿಲಿಗೆ ಬಂದಿದ್ದ ಶಶಿಪ್ರಭಾ ಅಲ್ಲೇ ನಿಂತಳು.

"ಇದನ್ನು ನಿಮ್ಮಲ್ಲಿ ಯಾರಿಗೆ ಹಾಕಬೇಕು ಅಂತ ಗೊತ್ತಾಗುವುದಿಲ್ಲ," ಎಂದಳು. ತಮಾಷೆಗೆ ಹೇಳಿದ್ದು. ಆದರೆ ಅವಳೂ ನಗಲಿಲ್ಲ, ಅವನೂ ನಗಲಿಲ್ಲ. ಕಿರ್ರ್ ಎಂದದ್ದು ಗಿಣಿ ಮಾತ್ರ.

ತೊಂಬತ್ತೆಂಟರಲ್ಲಿ ಖಲೀಲ ರಜೆಯಲ್ಲಿ ಬಂದ. ಸೆಂಟು, ಹಾಲಿನ ಪುಡಿ, ನೋವಿನ ಮುಲಾಮು, ಜೊತೆಗೆ ಸ್ವಲ್ಪ ಹೊಟ್ಟೆ. ಜಗಲಿಯಲ್ಲಿ ಕೂತವನೇ ಕಿಸೆಯಿಂದ ಮಡಚಿದ ಕಾಗದ ತೆಗೆದ.

"ನಮ್ಮಲ್ಲಿ ಮತ್ತೆ ಜಾಗ ಖಾಲಿ ಉಂಟು. ಈ ಸಲ ವೀಸಾ ಕೈಯಲ್ಲೇ ತಂದಿದ್ದೇನೆ. ಹೋಗುವಾಗ ನನ್ನ ಜೊತೆಗೇ ಹೊರಡು, ಬೊಂಬಾಯಿಯಿಂದ ಹೋಗುವ."

ಕಮಲಾಕ್ಷ ಕಾಗದ ಮುಟ್ಟಲಿಲ್ಲ. ಖಲೀಲ ಬಂದಾಗಿದೆ. ಇನ್ನು ಅವನು ಕೇಳಬೇಕು. ತಾನಾಗಿ ಕೇಳಬೇಕು. ಹೇಳಿಕೊಟ್ಟರೆ ಲೆಕ್ಕಕ್ಕಿಲ್ಲ ಎಂದು ಹೆಂಡತಿ ಎಂದೋ ತೀರ್ಪು ಕೊಟ್ಟಿದ್ದಳು. ಅವನು ಹುಬ್ಬಿನಿಂದ ಪಂಜರವನ್ನು ತೋರಿಸಿದ. ಮತ್ತೊಮ್ಮೆ ತೋರಿಸಿದ.

"ಕಣ್ಣಿಗೆ ಎಂತ ಬಿತ್ತು ಮಾರಾಯ? ತೊಳ್ಕೋ," ಎಂದ ಖಲೀಲ. ಆಮೇಲೆ ತಲೆಯೆತ್ತಿ ಬಾಬಿನನ್ನು ನೋಡಿ ನಿಟ್ಟುಸಿರು ಬಿಟ್ಟ. "ಎಷ್ಟು ಚಂದ ಸಾಕಿದ್ದೀ. ಕೇಳಬೇಕು ಅಂತ ಆಸೆ ಉಂಟು. ಆದರೆ ಇಷ್ಟು ವರ್ಷ ಮಗುವಿನ ಹಾಗೆ ನೋಡಿದವನ ಹತ್ತಿರ ಯಾವ ಬಾಯಲ್ಲಿ ಕೇಳುವುದು? ಇಲ್ಲ, ನಾನು ಕೇಳುವುದಿಲ್ಲ. ನಿನ್ನದೇ ಆಯ್ತು ಅದು."

ಕಮಲಾಕ್ಷನಿಗೆ ಕೂಗಬೇಕೆನಿಸಿತು. ನಾಲ್ಕು ವರ್ಷ ಅವನನ್ನು ಕಟ್ಟಿಹಾಕಿದ ಆಣೆಯ ಮೇಲೆ ಈಗ ಸ್ನೇಹಿತನ ದಾಕ್ಷಿಣ್ಯ ಇನ್ನೊಂದು ಬೀಗ ಹಾಕಿತ್ತು. ಬಾಯಿ ತೆರೆದರೆ ಆಣೆ ಕೆಡುತ್ತದೆ. ಮುಚ್ಚಿದರೆ ಬದುಕು.

"ಖಲೀಲಣ್ಣ." ಶಶಿಪ್ರಭಾ ಚಾದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ದಾಕ್ಷಿಣ್ಯ ಬೇಡ. ಆಸೆ ಉಂಟು ಅಂದ್ರಲ್ಲ, ಕೇಳಿಬಿಡಿ."

ಕಮಲಾಕ್ಷ ಬೆರಗಾಗಿ ಅವಳ ಕಡೆ ನೋಡಿದ.

"ಹೇಳಿಕೊಡಬಾರದ್ದು ಆಣೆ ಹಾಕಿದವರು," ಎಂದಳು ಅವನ ಮುಖ ನೋಡದೆ. "ನಾನು ಹಾಕಿಲ್ಲ."

ಖಲೀಲ ಇಬ್ಬರನ್ನೂ ನೋಡಿದ. ಅವನಿಗೆ ಈಗ ಅರ್ಥವಾಯಿತು. ಕೈಯ ಕಾಗದ ಕೆಳಗಿಟ್ಟು, ಎದ್ದು, ಅಂಗಿ ಸರಿಮಾಡಿಕೊಂಡು ನಿಂತ.

"ಕಮಲಾಕ್ಷಾ, ನನ್ನ ಗಿಣಿ ಕೊಡು."

"ನಾಳೆ ಕೊಡ್ತೇನೆ!" ಎಂದಿತು ಬಾಬಿನ್.

"ಈಗಲೇ ತಕೋ ಮಾರಾಯ!" ಕಮಲಾಕ್ಷ ಕೊಕ್ಕೆಯಿಂದ ಪಂಜರ ಕಿತ್ತು ಅವನ ಕೈಗೆ ತುರುಕಿದ. ತುರುಕಿದ ಮೇಲೆ ಎರಡೂ ಕೈ ಏನು ಮಾಡಬೇಕೆಂದು ಗೊತ್ತಾಗದೆ ಗಾಳಿಯಲ್ಲೇ ನಿಂತವು.

ಖಲೀಲ ಒಂದು ಲೋಟ ಚಾ ಮುಗಿಯುವವರೆಗೆ ಪಂಜರವನ್ನು ತೊಡೆಯ ಮೇಲಿಟ್ಟುಕೊಂಡ. ಬಾಬಿನ್ ಅವನ ಬೆರಳನ್ನು ಒಂದು ಸಲ ಕಚ್ಚಿ ಗುರುತು ಹಿಡಿಯಿತೋ, ಹಿಡಿಯಲಿಲ್ಲವೋ. ಮೂಡುಬಿದಿರೆಯಲ್ಲಿ ಬೆಕ್ಕುಗಳ ಮುಂದಿನ ತಲೆಮಾರು ಬಂದಿತ್ತು. ಅವನು ಎದ್ದು ಪಂಜರವನ್ನು ಮತ್ತೆ ಅದೇ ಕೊಕ್ಕೆಗೆ ಹಾಕಿದ.

"ಶಶಿಯಕ್ಕ, ನೀವು ಸಾಕ್ತೀರಾ?"

"ಸಾಕ್ತೇನೆ. ಆಣೆಗೀಣೆ ಕೇಳಬೇಡಿ."

ಹೊರಡುವ ಬೆಳಗ್ಗೆ ಖಲೀಲನ ಬಾಡಿಗೆ ಕಾರು ಗೇಟಿನಲ್ಲಿ ನಿಂತಿತು. ಕಮಲಾಕ್ಷ ಹೊಸ ಪ್ಯಾಂಟು ಹಾಕಿ ಒಳಗೆ ಕೂತ. ಶಶಿಪ್ರಭಾ ಬಾಬಿನಿಗೆ ಮೆಣಸು ಮುರಿದು ಹಾಕುತ್ತಿದ್ದವಳು ಹಾಗೆಯೇ ಕಾರಿನ ಕಿಟಕಿಯ ಹತ್ತಿರ ಬಂದಳು. ಅವಳ ಕಣ್ಣು ಒದ್ದೆಯಾಗಿತ್ತು. ಒದ್ದೆ ಕಣ್ಣು ಕಂಡರೆ ಅವನಿಗೆ ತಡೆಯುವುದಿಲ್ಲ.

"ನೋಡು ಶಶೀ, ಎರಡೇ ವರ್ಷ. ಧರ್ಮ—"

ಅವಳ ಅಂಗೈ ಅವನ ಬಾಯಿಯ ಮೇಲೆ ಬಿತ್ತು. ಗಟ್ಟಿಯಾಗಿ ಒತ್ತಿ ಹಿಡಿದಳು.

"ಬೇಡ," ಎಂದಳು. "ಬರುವಾಗ ಬನ್ನಿ."

ಕಾರು ಹೊರಟಿತು. ಅವಳ ಕೈಯ ಮೆಣಸಿನ ಖಾರ ತುಟಿಗೆ ಹತ್ತಿ ಉರಿಯುತ್ತಿತ್ತು. ಫರಂಗಿಪೇಟೆ ದಾಟುವವರೆಗೂ ಕಮಲಾಕ್ಷ ಬಾಯಿ ತೆರೆಯಲಿಲ್ಲ, ತುಟಿಯನ್ನೂ ಒರೆಸಿಕೊಳ್ಳಲಿಲ್ಲ.